ಬಾಣಕ್ಕೆ ಘಾಟಿ ಕಾಣುವುದಿಲ್ಲ

ಸ್ಪೀಡೋಮೀಟರಿನ ಮಗ್ಗುಲಲ್ಲಿ ಒಂದು ಅಂಕಿ, ಅದರ ಪಕ್ಕ ಮೇಲಕ್ಕೋ ಕೆಳಕ್ಕೋ ತೋರುವ ಪುಟ್ಟ ಬಾಣ. ಕೈಯಿಂದ ಗೇರ್ ಹಾಕುವ ಕಾರುಗಳಲ್ಲಿ ಇದೀಗ ಮಾಮೂಲು. ಕಾರು ಹೊಸದಾದಾಗ ಕುತೂಹಲದಿಂದ ನೋಡಿ ಆಮೇಲೆ ಮರೆಯುವವರೇ ಹೆಚ್ಚು. ಬಾಣ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ಏರಿನಲ್ಲಿ ಎಂಜಿನ್ ಗಡಗಡ ನಡುಗಿದರೂ ಗೇರ್ ಇಳಿಸದವರೂ ಇದ್ದಾರೆ. ಅದು ಏನು ಬಲ್ಲದು, ಏನು ಅರಿಯದು ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ.

ಎಷ್ಟೋ ಕಾರುಗಳಲ್ಲಿ ಈ ಬಾಣಕ್ಕೆ ಗೇರ್ ಲಿವರ್ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ, ಗಾಡಿ ಎಷ್ಟು ವೇಗದಲ್ಲಿದೆ ಎಂಬ ಎರಡು ಲೆಕ್ಕಗಳನ್ನು ಎಂಜಿನ್ನಿನ ಕಂಪ್ಯೂಟರ್ ಭಾಗಿಸಿ ನೋಡುತ್ತದೆ. ಗಂಟೆಗೆ 40 ಕಿ.ಮೀ. ವೇಗಕ್ಕೆ 2000 ಸುತ್ತು ಬರುತ್ತಿದ್ದರೆ ಮೂರನೇ ಗೇರು, 4000 ಬರುತ್ತಿದ್ದರೆ ಇನ್ನೂ ಕೆಳಗಿನದು ಎಂದು ಊಹಿಸುತ್ತದೆ. ಕ್ಲಚ್ ತುಳಿದ ಕೂಡಲೇ ಕೆಲವು ಕಾರುಗಳಲ್ಲಿ ಅಂಕಿ ಮಾಯವಾಗುವುದು ಇದಕ್ಕೇ: ಎಂಜಿನ್ನಿಗೂ ಚಕ್ರಕ್ಕೂ ನಂಟು ಕಡಿದ ಮೇಲೆ ಭಾಗಾಕಾರಕ್ಕೆ ಅರ್ಥವಿಲ್ಲ. ಇದರ ಜೊತೆಗೆ ಆಕ್ಸಿಲರೇಟರ್ ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ, ಕೂಲಂಟ್ ಬಿಸಿಯಾಗಿದೆಯೇ ಎಂಬುದನ್ನೂ ಸೇರಿಸಿಕೊಂಡು, ಮೊದಲೇ ತುಂಬಿಸಿಟ್ಟ ಕೋಷ್ಟಕದಲ್ಲಿ ಹುಡುಕಿ ಬಾಣ ಹೊತ್ತಿಸುತ್ತದೆ.

ಆ ಕೋಷ್ಟಕದ ಹಿಂದಿನ ತರ್ಕ ಗಟ್ಟಿಯಾದದ್ದೇ. ಪೆಟ್ರೋಲ್ ಎಂಜಿನ್ ಅರೆಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಹೀರುವಾಗ, ಹೀರುವುದಕ್ಕೇ ಒಂದಿಷ್ಟು ಶಕ್ತಿ ದಂಡ ತೆರುತ್ತದೆ. ಅಷ್ಟೇ ಶಕ್ತಿಯನ್ನು ಮೇಲಿನ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ ಪಡೆಯಬೇಕಾದರೆ ಥ್ರಾಟಲ್ ಹೆಚ್ಚು ತೆರೆಯಬೇಕು. ಹೀರುವ ಶ್ರಮವೂ ಇಳಿಯುತ್ತದೆ, ಒಳಗಿನ ತಿಕ್ಕಾಟವೂ ಇಳಿಯುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ನಾಲ್ಕನೇ ಗೇರಿನಲ್ಲೇ ಕಾರು ಕಿರುಚಿಸುತ್ತಾ ಹೋಗುವವರಿಗೆ ಈ ಬಾಣದಷ್ಟು ಅಗ್ಗದ ಮೈಲೇಜ್ ಪಾಠ ಮತ್ತೊಂದಿಲ್ಲ.

ಆದರೆ ಅದು ಇಂಧನದ ವಕೀಲ ಮಾತ್ರ. ಯುರೋಪಿನ ಒಕ್ಕೂಟ 2009ರಲ್ಲಿ ಮಾಡಿದ ನಿಯಮದ ಪ್ರಕಾರ ಅಲ್ಲಿನ ಮ್ಯಾನುಯಲ್ ಕಾರುಗಳಿಗೆ ಈ ಸೂಚಕ ಕಡ್ಡಾಯವಾಯಿತು; 2012ರ ನವೆಂಬರಿನಿಂದ ಹೊಸ ಮಾದರಿಗಳಿಗೆ, 2014ರ ನವೆಂಬರಿನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ. ಉದ್ದೇಶ ಇಂಧನ ಉಳಿತಾಯ. ಎಂಜಿನ್ನಿನ ಆಯುಸ್ಸು, ಮುಂದಿನ ಲಾರಿಯನ್ನು ದಾಟಲು ಬೇಕಾದ ಪಿಕಪ್ಪು, ಮುಂದಿನ ತಿರುವು, ಇವೆಲ್ಲ ಚಾಲಕನ ತಲೆನೋವು.

ಚಾರ್ಮಾಡಿ ಘಾಟಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೊಟ್ಟಿಗೆಹಾರದ ಕಡೆಗೆ ಎರಡನೇ ಗೇರಿನಲ್ಲಿ ಏರುತ್ತಿದ್ದೀರಿ. ಒಂದು ಹೇರ್‌ಪಿನ್ ಮುಗಿದು ಹತ್ತು ಮಾರು ಸಮತಟ್ಟು ಸಿಕ್ಕಿ ಕಾಲು ಸಡಿಲಿಸಿದಿರಾದರೆ ಬಾಣ ಮೂರನ್ನು ಕೇಳುತ್ತದೆ. ಮುಂದಿನ ತಿರುವು ನಿಮ್ಮ ಕಣ್ಣಿಗೆ ಬಿದ್ದಿದೆ. ಬಾಣಕ್ಕೆ ಈ ಕ್ಷಣದ ಅಂಕಿಗಳಲ್ಲದೆ ಬೇರೇನೂ ಕಾಣದು. ಮಾತು ಕೇಳಿ ಮೂರಕ್ಕೆ ಹೋದರೆ ಮತ್ತೆ ಎರಡಕ್ಕೆ ಇಳಿಸುವಷ್ಟರಲ್ಲಿ ವೇಗ ಸತ್ತಿರುತ್ತದೆ. ಇಳಿಯುವಾಗಿನ ಕಥೆ ಇನ್ನೂ ವಿಚಿತ್ರ. ಏರಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೇ ಡ್ರೈವರುಗಳು ಹೇಳುವುದು ಎಂಜಿನ್ ಬ್ರೇಕಿಗಾಗಿ. ಹಾಗೆ ಇಳಿಯುವಾಗ ವೇಗ ಸ್ವಲ್ಪ ಏರಿದರೆ ಸಾಕು, ಕೆಲವು ಕಾರುಗಳ ಬಾಣ ಮೇಲಿನ ಗೇರು ಬೇಡುತ್ತದೆ. ತಮಾಷೆಯೆಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲಿ ಇಳಿಯುತ್ತಿರುವಾಗ ಇಂದಿನ ಎಂಜಿನ್ನುಗಳು ಇಂಜೆಕ್ಟರನ್ನೇ ಮುಚ್ಚಿಬಿಟ್ಟಿರುತ್ತವೆ. ಸುಡುತ್ತಿರುವ ಇಂಧನ ಸೊನ್ನೆ. ಗೇರ್ ಏರಿಸಿದರೆ ಅಲ್ಲಿ ಉಳಿಯುವುದು ಏನೂ ಇಲ್ಲ, ಕಳೆಯುವುದು ಮಾತ್ರ ಬ್ರೇಕ್ ಪ್ಯಾಡಿನ ಆಯುಸ್ಸು.

ನನ್ನ ಮುಖ್ಯ ತಕರಾರು ಬಾಣ ತಪ್ಪುತ್ತದೆ ಎಂಬುದಲ್ಲ, ಅದು ಕಾರಣ ಹೇಳುವುದಿಲ್ಲ ಎಂಬುದು. ಈಗಲೇ ಬದಲಿಸದಿದ್ದರೆ ಪೆಟ್ರೋಲ್ ಸುರಿದಂತೆ ಎಂಬ ಸನ್ನಿವೇಶಕ್ಕೂ, ಬದಲಿಸಿದರೆ ಚೂರು ಉಳಿದೀತು ಎಂಬ ಸನ್ನಿವೇಶಕ್ಕೂ ಒಂದೇ ಬಾಣ, ಒಂದೇ ಬೆಳಕು. 1980ರ ದಶಕದ ಬಿಎಂಡಬ್ಲ್ಯು ಕಾರುಗಳಲ್ಲಿ ಆ ಗಳಿಗೆಯ ಇಂಧನ ಬಳಕೆ ತೋರಿಸುವ ಮುಳ್ಳು ಇರುತ್ತಿತ್ತು. ಕಾಲು ಒತ್ತಿದಂತೆ ಮುಳ್ಳು ಹೊರಳುವುದನ್ನು ನೋಡಿ ನಿರ್ಧಾರ ನಿಮ್ಮದು. ಅದೇ ದಶಕದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ತನ್ನ 'ಫಾರ್ಮೆಲ್ ಇ' ಮಾದರಿಗಳಲ್ಲಿ ಬಳಕೆಯ ಮಾಪಕವನ್ನೂ ಗೇರ್ ಬದಲಿಸುವ ಸೂಚಕವನ್ನೂ ಒಟ್ಟಿಗೇ ಕೊಟ್ಟಿತ್ತು: ಸಲಹೆಯೂ ಉಂಟು, ಅದರ ಪುರಾವೆಯೂ ಉಂಟು. ಆಮೇಲೆ ಬಂದ ಅಗ್ಗದ ಕಾರುಗಳು ಬಾಣವನ್ನು ಉಳಿಸಿಕೊಂಡು, ಆ ಗಳಿಗೆಯ ಬಳಕೆಯನ್ನು ಗುಂಡಿ ಒತ್ತಿದರಷ್ಟೇ ಕಾಣುವ ಪರದೆಗೆ ತಳ್ಳಿದವು.

ಸಲಹೆ ಹಟಕ್ಕೆ ಬಿದ್ದರೆ ಏನಾಗುತ್ತದೆಂದು ಅಮೆರಿಕದ ಕಾರ್ವೆಟ್ ತೋರಿಸಿದೆ. 1989ರಿಂದ ಅದರ ಆರು ಗೇರಿನ ಪೆಟ್ಟಿಗೆಯಲ್ಲಿ, ಎಂಜಿನ್ ಬಿಸಿಯಿದ್ದು ಮೆಲ್ಲಗೆ ಓಡಿಸುತ್ತಿದ್ದರೆ ಒಂದು ಸಾಲೆನಾಯ್ಡ್ ಲಿವರನ್ನು ಎರಡಕ್ಕೆ ಬಿಡದೆ ನೇರ ನಾಲ್ಕಕ್ಕೆ ತಳ್ಳುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದರಿಂದ ನಾಲ್ಕು ಎಂಬ ದೀಪ. ಪ್ರಯೋಗಾಲಯದ ಮೈಲೇಜ್ ಅಂಕ ಸುಧಾರಿಸಿ, ಹೆಚ್ಚು ಇಂಧನ ಕುಡಿಯುವ ಕಾರುಗಳ ಮೇಲಿನ ತೆರಿಗೆಯಿಂದ ಪಾರಾಗುವ ಉಪಾಯವದು. ಮಾಲೀಕರು ಅದನ್ನು ಸುಮ್ಮನಾಗಿಸುವ ಸಣ್ಣ ಬಿಡಿಭಾಗ ಕೊಂಡು ಹಾಕಿಸಿಕೊಂಡರು. ಅದಕ್ಕೊಂದು ಮಾರುಕಟ್ಟೆಯೇ ಹುಟ್ಟಿತು. ನಮ್ಮ ಬಾಣ ಅಷ್ಟು ದೂರ ಹೋಗಿಲ್ಲ, ಕೇಳದಿದ್ದರೆ ಸುಮ್ಮನಿರುತ್ತದೆ.

ಕೇಳಲೇಬಾರದ ಸಂದರ್ಭವೂ ಇದೆ. ನಾಲ್ಕು ಜನ, ಸಾಮಾನು, ಎ.ಸಿ., ಎದುರಿಗೆ ಏರು. ಸುತ್ತು ಕಡಿಮೆಯಿರುವಾಗ ಕಾಲು ಪೂರ್ತಿ ಒತ್ತಿದರೆ ಎಂಜಿನ್ ಗುದ್ದಾಡುತ್ತದೆ. ನೇರ ಇಂಜೆಕ್ಷನ್ನಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಥ ಹೊತ್ತಲ್ಲೇ ಕಿಡಿ ಹಾರುವ ಮೊದಲು ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟಾಗುವ ಅಪಾಯ. ಇಲ್ಲಿ ಕೆಳಬಾಣ ಬೇಗ ಬರಬೇಕು. ಕೆಲವು ಮಾದರಿಗಳಲ್ಲಿ ಕೆಳಬಾಣವೇ ಇಲ್ಲ. ಇರುವ ಕಡೆಯೂ ಎಂಜಿನ್ನಿನ ನಡುಕ ನಿಮ್ಮ ಕೈಗೆ ತಿಳಿದ ಮೇಲೆ ಬರುವುದುಂಟು.

ಬಾಣದ ಈ ಕುರುಡುತನವನ್ನು ಸರಿಪಡಿಸುವ ವಿದ್ಯೆ ಹೊಸತಲ್ಲ. 2013ರಲ್ಲೇ ರೋಲ್ಸ್ ರಾಯ್ಸ್ ತನ್ನ ರೇಯ್ತ್ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಉಪಗ್ರಹದ ನೆರವಿನಿಂದ ಮುಂದಿನ ತಿರುವನ್ನು ಮೊದಲೇ ತಿಳಿಸಿ, ತಕ್ಕ ಗೇರು ಹಿಡಿಸಿತು. ಅಂಥ ತಿಳಿವಳಿಕೆ ನಮ್ಮ ಬಾಣಕ್ಕೂ ಸಿಗಬಹುದಿತ್ತು. ಆದರೆ ಕೈಯಿಂದ ಗೇರ್ ಹಾಕುವ ಕಾರು ಎಂದರೆ ಶೋರೂಮಿನಲ್ಲಿ ಸಾಮಾನ್ಯವಾಗಿ ಕಡಿಮೆ ಬೆಲೆಯ ಕಾರು. ಅದರ ಡ್ಯಾಶ್‌ಬೋರ್ಡಿಗೆ ಇನ್ನೊಂದು ಸಾವಿರ ರೂಪಾಯಿ ಹಾಕುವ ಆಸೆ ಯಾವ ಕಂಪನಿಗೂ ಇದ್ದಂತಿಲ್ಲ.