ಮಸೂರು ಸ್ಟೇಷನ್ನಿನ ಮಕ್ಕಳು

ದಲಿತ ವಿಮರ್ಶೆ ಕಾವ್ಯದ ಬಗ್ಗೆ, ಆತ್ಮಕತೆಯ ಬಗ್ಗೆ ಸಾಕಷ್ಟು ಜಗಳವಾಡಿದೆ. ಆರನೇ, ಏಳನೇ ಕ್ಲಾಸಿನ ಮಕ್ಕಳ ಕೈಗೆ ಯಾವ ಪುಸ್ತಕ ಕೊಡೋಣ ಎಂಬುದು ಮಾತ್ರ ವಿಮರ್ಶೆಯ ಪ್ರಶ್ನೆ ಅಂತ ನಮಗೆ ಅನ್ನಿಸಿದ್ದು ಕಡಿಮೆ. ಅದನ್ನು ಮೇಷ್ಟ್ರಿಗೆ ಬಿಟ್ಟು ಕೈತೊಳೆದುಕೊಂಡಿದ್ದೇವೆ.

ನನ್ನ ಅಕ್ಕನ ಮಗ ಏಳನೇ ಕ್ಲಾಸು. ಅವನಿಗೊಂದು ಅಂಬೇಡ್ಕರ್ ಚರಿತ್ರೆ ತಂದುಕೊಟ್ಟೆ. ನಾಲ್ಕು ಪುಟ ಓದಿ ಮಡಚಿಟ್ಟ. ‘ಬರೀ ಡಿಗ್ರಿಗಳೇ ಅವೆ ಮಾವ’ ಅಂದ. ತಪ್ಪು ಅವನದಲ್ಲ. ಇಂಥ ಪುಸ್ತಕಗಳಲ್ಲಿ ಮೊದಲ ಪುಟದಲ್ಲೇ ಪ್ರತಿಮೆ ಎದ್ದು ನಿಂತಿರುತ್ತದೆ. ಹಾರ ಹಾಕುವುದೊಂದನ್ನು ಬಿಟ್ಟರೆ ಓದುವ ಹುಡುಗನಿಗೆ ಅಲ್ಲಿ ಬೇರೆ ಕೆಲಸವಿಲ್ಲ.

ಆಮೇಲೆ ಬಾಬಾಸಾಹೇಬರೇ ಬರೆದ ‘ವೇಟಿಂಗ್ ಫಾರ್ ಎ ವೀಸಾ’ದ ಮೊದಲ ಪ್ರಸಂಗವನ್ನು ಕನ್ನಡದಲ್ಲಿ ಹೇಳಿದೆ. 1901ನೇ ಇಸವಿ. ಸಾತಾರಾದಿಂದ ಅಪ್ಪನಿರುವ ಗೋರೆಗಾಂವಿಗೆ ಮಕ್ಕಳಷ್ಟೇ ಹೊರಟಿದ್ದಾರೆ. ಹೊಸ ಅಂಗಿ, ಮಿಂಚುವ ಟೋಪಿ, ರೇಷ್ಮೆ ಅಂಚಿನ ಪಂಚೆ. ಕಾಗದ ಅಪ್ಪನಿಗೆ ತಲುಪಿಲ್ಲ, ಮಸೂರು ಸ್ಟೇಷನ್ನಿಗೆ ಯಾರೂ ಬಂದಿಲ್ಲ. ಇವರು ಮಹಾರರೆಂದು ಗೊತ್ತಾದದ್ದೇ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಂದು ಗಾಡಿ. ಆದರೆ ಹೊಡೆಯುವವರು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ. ರಾತ್ರಿಯಾಯಿತು. ಬುತ್ತಿಯಿದೆ, ನೀರಿಲ್ಲ. ಸುಂಕದ ಕಟ್ಟೆಯಲ್ಲಿ ‘ನಾವು ಮುಸಲ್ಮಾನರು’ ಎಂದು ಸುಳ್ಳು ಹೇಳಿದರೂ ನೀರು ಹುಟ್ಟಲಿಲ್ಲ.

ಹುಡುಗ ನಡುವೆ ಬಾಯಿ ಹಾಕಿದ: ‘ಗಾಡಿ ಹೊಡಿಯಕೆ ಅವ್ರಿಗೆ ಬತ್ತಿತ್ತಾ?’

ನಾವು ಕೇಳದ ಪ್ರಶ್ನೆ ಇದು! ವಿದೇಶಿಯರಿಗೆ ಅಸ್ಪೃಶ್ಯತೆಯನ್ನು ತಿಳಿಸಲೆಂದು ಬರೆದ ಬರಹದೊಳಕ್ಕೆ ಹನ್ನೆರಡರ ಹುಡುಗ ಹತ್ತಿ ಕೂತುಬಿಟ್ಟ. ಅಲ್ಲಿ ಭಯವಿದೆ, ಉಪಾಯವಿದೆ, ಮಕ್ಕಳೇ ತೆಗೆದುಕೊಳ್ಳುವ ತೀರ್ಮಾನಗಳಿವೆ. ಅಯ್ಯೋ ಪಾಪ ಎಂಬ ದನಿ ಇಲ್ಲ. ನಾನು ಓದಿದ ಬಹುಪಾಲು ಮಕ್ಕಳ ಕತೆಗಳಲ್ಲಿ ಕೇರಿಯ ಹುಡುಗ ಬರುವುದೇ ಇಲ್ಲ. ಬಂದರೆ ಯಾರಾದರೂ ಅವನನ್ನು ಉದ್ಧಾರ ಮಾಡಬೇಕು.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭ ನೋಡಿ. ನೇಗಿಲಿಗೆ ಎತ್ತುಗಳ ಬದಲು ಇಬ್ಬರು ಮನುಷ್ಯರು. ನೋಡುವ ಹುಡುಗನಿಗೆ ಮೊದಲು ಅದು ಮೋಜು. ಅವರಲ್ಲೊಬ್ಬ ತನ್ನಪ್ಪನೆಂದು ಆಮೇಲೆ ತಿಳಿಯುತ್ತದೆ. 2011ರಲ್ಲಿ ನವಯಾನ ತಂದ ‘ಭೀಮಾಯಣ’ದಲ್ಲಿ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ತಮ್ಮ ಗೊಂಡ ಚಿತ್ರಕಲೆಯಲ್ಲಿ ಕೆಟ್ಟ ಮಾತಿಗೆ ಚೇಳಿನ ಕೊಂಡಿ ಬರೆದಿದ್ದಾರೆ. ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ಎಳೆಯರಿಗೆ ಯಾಕೆ ಈ ನೋವು ಅಂತ ಗೆಳೆಯರು ಕೇಳುತ್ತಾರೆ. ಯಾವ ಎಳೆಯರು ಸ್ವಾಮಿ? ಬಿಸಿಯೂಟದ ಸಾಲಿನಲ್ಲಿ ದೂರ ಕೂತ ಮಗುವಿಗೆ ನೋವು ಪುಸ್ತಕದಿಂದ ಬರಬೇಕೆ?

ಈ ಪ್ರಸಂಗಗಳನ್ನು ದಪ್ಪಕ್ಷರದ ತೆಳು ಪುಸ್ತಕಗಳಾಗಿ, ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ತರಬೇಕು. ಮುನ್ನುಡಿ ಮಾತ್ರ ನಾವ್ಯಾರೂ ಬರೆಯುವುದು ಬೇಡ.