ಕಿರುಚೋಕೆ ಮೊದಲೇ ಸೋತಿದ್ದ

ಡೆಮಾಕ್ರಟಿಕ್ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಿದ್ದ ಹೋವರ್ಡ್ ಡೀನ್ ಒಂದೇ ಕಿರುಚಾಟದಿಂದ ಸೋತ ಅಂತ ಈಗಲೂ ಹೇಳ್ತಾರೆ. ಸುಳ್ಳು. 2004ರ ಜನವರಿ 19ರ ರಾತ್ರಿ ಆತ ಕೂಗುವ ಹೊತ್ತಿಗೆ ಅಯೋವಾ ಕಾಕಸ್ ಮುಗಿದು, ಕೆರಿ, ಎಡ್ವರ್ಡ್ಸ್ ಹಿಂದೆ ಮೂರನೇ ಸ್ಥಾನಕ್ಕೆ ಬಿದ್ದಾಗಿತ್ತು. ಟೀವಿಯಲ್ಲಿ ಅದು ಹುಚ್ಚು ಕೂಗಿನ ಹಾಗೆ ಕೇಳಿಸಿದ್ದು ಮೈಕಿನ ಮಹಿಮೆ: ಸುತ್ತಲಿನ ಗದ್ದಲ ಸೋಸಿ ಅವನ ದನಿಯನ್ನಷ್ಟೇ ಹಿಡಿಯಿತು. ಚಾನೆಲ್‌ಗಳಿಗೆ ದಿನಗಟ್ಟಲೆ ಹಬ್ಬ.

ನನ್ನ ತಕರಾರು ಬೇರೆ. ಇಂಟರ್ನೆಟ್ಟಲ್ಲಿ ದುಡ್ಡು ಕೊಟ್ಟವರು, ಕಿತ್ತಳೆ ಟೋಪಿ ಹಾಕ್ಕೊಂಡು ದೂರದ ರಾಜ್ಯಗಳಿಂದ ಬಂದು ಬಾಗಿಲು ತಟ್ಟಿದ ಹುಡುಗರು, ಆ ಉತ್ಸಾಹವೆಲ್ಲ ನಿಜವೇ. ಆದರೆ ಹೊರಗಿನಿಂದ ಬಂದವರಿಗೆ ಅಲ್ಲಿ ಓಟಿಲ್ಲವಲ್ಲ! ಚಳಿಯಲ್ಲಿ ಹೊರಟು, ನೆರೆಹೊರೆಯವರ ಎದುರೇ ತಾವು ಯಾರ ಕಡೆ ಅಂತ ತೋರಿಸಿಕೊಳ್ಳಬೇಕಾಗಿದ್ದವರು ಊರಿನವರು. ಅವರಲ್ಲಿ ಹೆಚ್ಚಿನವರು ಹೋಗಿ ನಿಂತದ್ದು ಕೆರಿ ಮತ್ತು ಎಡ್ವರ್ಡ್ಸ್ ಕಡೆ.