‘ಕವಲು’ ಮತ್ತು ವಕೀಲರ ಕೋಣೆ

ಕೋಥರೂಡಿನಲ್ಲಿರುವ ನಮ್ಮ ಹಳೆಯ ಪರಿಚಿತರೊಬ್ಬರು, ಮೂಲತಃ ಧಾರವಾಡದ ಕಡೆಯವರು, ಒಂದು ಸಂಜೆ ಮನೆಗೆ ಬಂದು ಡಾ. ಎಸ್. ಎಲ್. ಭೈರಪ್ಪನವರ ‘ಕವಲು’ ಕಾದಂಬರಿಯನ್ನು ಮೇಜಿನ ಮೇಲಿಟ್ಟರು. “ರಾಯರ, ಇದನ್ನ ಮತ್ತೊಮ್ಮೆ ಓದ್ರಿ. ಆಮ್ಯಾಲೆ ನಮ್ಮ ಹುಡುಗಿ ವಕೀಲರ ಕಡೆ ಹೋಗಬೇಕೋ ಬ್ಯಾಡೋ ಹೇಳ್ರಿ” ಎಂದರು. ಅವರ ಮಗಳ ಲಗ್ನವಾದದ್ದು ಧಾರವಾಡದಲ್ಲಿ, ಸಂಸಾರ ಹೂಡಿದ್ದು ಬೆಂಗಳೂರಿನಲ್ಲಿ, ಈಗ ಒಂದು ವರ್ಷದಿಂದ ಇರುವುದು ತೌರಿನಲ್ಲಿ. ವಕೀಲರ ಹೆಸರೆತ್ತಿದರೆ ತಾಯಿ ಅಳುತ್ತಾರೆ, ತಂದೆ ‘ಕವಲು’ ತೋರಿಸುತ್ತಾರೆ.

ಒಂದು ಕಾದಂಬರಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಷ್ಟು ನೇರವಾದ ಉದ್ದೇಶಕ್ಕಾಗಿ ಯಾರೂ ಕೇಳಿರಲಿಲ್ಲ. ಕಾದಂಬರಿ 2010ರಲ್ಲಿ ಹೊರಬಂದಾಗಲೇ ಓದಿದ್ದೆ. ಆಗ ನಡೆದ ವಾದವಿವಾದಗಳೂ ನೆನಪಿನಲ್ಲಿವೆ. ಸ್ತ್ರೀವಾದಿಗಳು ಅದನ್ನು ಖಂಡಿಸಿದರು, ಓದುಗರು ಮುದ್ರಣದ ಮೇಲೆ ಮುದ್ರಣ ಕೊಂಡು ಓದಿದರು. ಲೇಖಕರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಕೃತಿಗಳನ್ನು ಇನ್ನು ಮೇಲೆ ಬಿಸಿಯಿಲ್ಲದೆ ಓದಬಹುದೆಂದು ನಾನು ಭಾವಿಸಿದ್ದೆ. ಆದರೆ ನಮ್ಮ ಪುಣೆಯಲ್ಲಿ ಅದು ಸುಲಭವಲ್ಲ. ಇಲ್ಲಿಯ ಉಮಾ ಕುಲಕರ್ಣಿಯವರ ಅನುವಾದಗಳಿಂದಾಗಿ ಭೈರಪ್ಪನವರು ಮರಾಠಿ ಮನೆಗಳಲ್ಲೂ ಮನೆಯವರೇ ಆಗಿದ್ದಾರೆ. ಎದುರುಮನೆಯ ಮರಾಠಿ ಅಜ್ಜಿಯೊಡನೆ ಮಾತಿಗೆ ಕುಳಿತರೂ ಭೈರಪ್ಪನವರ ಪ್ರಸ್ತಾಪ ಬಂದೇ ಬರುತ್ತದೆ.

ಕಥೆ ತಿಳಿದದ್ದೇ. ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡ ಉದ್ಯಮಿ ಜಯಕುಮಾರ. ಅವನ ಮೆದುಳಿಗೆ ಪೆಟ್ಟುಬಿದ್ದ ಮಗಳು. ಅವನಲ್ಲಿ ಕೆಲಸಕ್ಕೆ ಬಂದು, ಆಮೇಲೆ ಕಾನೂನಿನ ಬೆದರಿಕೆಯ ನೆರಳಿನಲ್ಲಿ ಅವನ ಹೆಂಡತಿಯಾಗುವ ಮಂಗಳೆ. ಇನ್ನೊಂದು ಕವಲಿನಲ್ಲಿ ಇಂಗ್ಲಿಷ್ ಅಧ್ಯಾಪಕಿ ಇಳಾ ಮತ್ತು ಅವಳಿಂದ ದೂರವಾಗುವ ಗಂಡ. ಹೆಂಗಸರ ರಕ್ಷಣೆಗೆಂದು ಮಾಡಿದ ಕಾನೂನು ಈ ಮನೆಗಳೊಳಗೆ ಹೇಗೆ ಕಾಲಿಡುತ್ತದೆಂಬುದೇ ಕಾದಂಬರಿಯ ವಸ್ತು.

ಮೊದಲು ಸಲ್ಲಬೇಕಾದ ಮೆಚ್ಚಿಕೆಯನ್ನು ಸಲ್ಲಿಸಿಬಿಡುತ್ತೇನೆ. ದೂರು ಎಂಬುದು ಮನೆಯೊಳಗೆ ಬಂದ ದಿನ ಮನುಷ್ಯ ಹೇಗೆ ಕುಗ್ಗಿಹೋಗುತ್ತಾನೆ, ನಿನ್ನೆಯವರೆಗೆ ಸಲುಗೆಯಿಂದ ಆಡಿದ ಮಾತು ಇಂದು ಹೇಗೆ ಸಾಕ್ಷ್ಯವಾಗುತ್ತದೆ, ಇದನ್ನು ಭೈರಪ್ಪನವರಷ್ಟು ಖಚಿತವಾಗಿ ಕನ್ನಡದಲ್ಲಿ ಇನ್ನೊಬ್ಬರು ಬರೆದದ್ದನ್ನು ನಾನು ಕಂಡಿಲ್ಲ. ಆ ಮಗಳ ಚಿತ್ರಣವಂತೂ ಪುಸ್ತಕ ಮುಚ್ಚಿದ ಮೇಲೂ ಕಾಡುತ್ತದೆ. ಬಂಧನದ ಭಯವೂ ಲೇಖಕರ ಕಲ್ಪನೆಯಲ್ಲ. 1983ರಲ್ಲಿ ದಂಡಸಂಹಿತೆಗೆ ಸೇರಿದ 498-ಎ ಕಲಮಿನಡಿ ದೂರು ಬಂದೊಡನೆ ಗಂಡನನ್ನೂ ಅವನ ಕಡೆಯವರನ್ನೂ ಹಿಡಿದೊಯ್ಯುವುದು ಅಂದಿನ ದಿನಗಳಲ್ಲಿ ನಡೆಯುತ್ತಲೇ ಇತ್ತು. ಸರ್ವೋಚ್ಚ ನ್ಯಾಯಾಲಯ ಇದನ್ನು ಗಮನಿಸಿ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ಬಂಧಿಸಕೂಡದು, ಅವಶ್ಯಕತೆ ಇದೆಯೇ ಎಂದು ನೋಡಬೇಕು, ಇಲ್ಲವಾದರೆ ನೋಟೀಸು ಕೊಟ್ಟು ಕರೆಸಬೇಕು ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು 2014ರಲ್ಲಿ, ಎಂದರೆ ಕಾದಂಬರಿ ಬಂದ ನಾಲ್ಕು ವರ್ಷಗಳ ನಂತರ. 2024ರ ಜುಲೈ 1ರಿಂದ ಆ ಕಲಮೇ ಹೊಸ ನ್ಯಾಯಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ಆದ್ದರಿಂದ ‘ಕವಲು’ ತನ್ನ ಕಾಲಕ್ಕೆ ನಿಜವಾದ ಪುಸ್ತಕ. ನಮ್ಮ ಕೋಥರೂಡಿನ ರಾಯರು ಅದನ್ನು ಇಂದಿನ ಕೈಪಿಡಿಯೆಂದು ಹಿಡಿದುಕೊಂಡದ್ದು ಲೇಖಕರ ತಪ್ಪಲ್ಲ.

ನನ್ನ ಆಕ್ಷೇಪ ಬೇರೆ ಕಡೆ ಇದೆ. ಕಾದಂಬರಿ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವ ಸ್ಥಳಗಳು ಎರಡೇ: ಪೊಲೀಸ್ ಠಾಣೆ, ಹೆಂಡತಿಯ ಕಡೆಯ ವಕೀಲೆಯ ಕೋಣೆ. ಅಲ್ಲಿಯ ವಕೀಲೆ ಒಂದು ಸಿದ್ಧಾಂತದ ಬಾಯಿ. ತನ್ನ ಬಳಿಗೆ ಬಂದವಳ ನೋವೇನು, ಅವಳ ಕೈಯಲ್ಲಿರುವ ಕಾಗದಪತ್ರಗಳೇನು ಎಂಬ ಚಿಂತೆಗಿಂತ ಗಂಡಸಿನ ಮೇಲೆ ಗೆಲ್ಲುವ ಹಟವೇ ಅವಳಲ್ಲಿ ಎದ್ದು ಕಾಣುತ್ತದೆ. ಇಂಥ ವಕೀಲರು ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ವಿಚ್ಛೇದನದ ಮೊಕದ್ದಮೆ ಎಂಬುದು ನಿಜವಾಗಿ ನಡೆಯುವುದು ಈ ಎರಡು ಕೋಣೆಗಳ ಆಚೆ, ದೀರ್ಘವಾದ, ಬೇಸರದ, ಬಹುಪಾಲು ಕಾಗದದಲ್ಲೇ ನಡೆಯುವ ಒಂದು ನಡುಭಾಗದಲ್ಲಿ. ಆ ನಡುಭಾಗದ ಅನುಭವ ಕಾದಂಬರಿಯಿಂದ ನಮಗೆ ದಕ್ಕುವುದಿಲ್ಲ. ‘ಪರ್ವ’ದಲ್ಲಿ ಯುದ್ಧದ ಧೂಳು, ಹಸಿವು, ದುರ್ಗಂಧಗಳನ್ನೂ ಬಿಡದೆ ಬರೆದ ಲೇಖಕರು ಕೋರ್ಟಿನ ಕಾರಿಡಾರನ್ನು ಹಾಗೆ ನೋಡಬಹುದಿತ್ತು.

ನೋಡಿದ್ದರೆ ಏನು ಕಾಣುತ್ತಿತ್ತು? ನಮ್ಮ ಊರಿನದನ್ನೇ ಹೇಳುತ್ತೇನೆ. ಶಿವಾಜಿನಗರದಲ್ಲಿ ಸಿವಿಲ್ ಕೋರ್ಟ್ ಮೆಟ್ರೋ ನಿಲ್ದಾಣದಿಂದ ಹೊರಬಂದರೆ ಜಿಲ್ಲಾ ನ್ಯಾಯಾಲಯ; ಕೌಟುಂಬಿಕ ನ್ಯಾಯಾಲಯವೂ ಅಲ್ಲಿಯೇ ಹತ್ತಿರ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 13ನೆಯ ಕಲಮನ್ನು ಓದಿದವರಿಗೆ ಆಶ್ಚರ್ಯವಾದೀತು. ಅಲ್ಲಿ ಪಕ್ಷಗಾರರಿಗೆ ವಕೀಲರನ್ನು ನಿಲ್ಲಿಸುವುದು ಹಕ್ಕೇ ಅಲ್ಲ, ನ್ಯಾಯಾಲಯದ ಅನುಮತಿ ಬೇಕು. ವ್ಯವಹಾರದಲ್ಲಿ ಅನುಮತಿ ಸಿಗುತ್ತದೆ, ವಕಾಲತ್ತು ಹಾಕಿ ವಕೀಲರು ನಿಲ್ಲುತ್ತಾರೆ. ಆದರೂ ಕಾಯಿದೆಯ ಮನಸ್ಸು ತಿಳಿಯುತ್ತದೆ. ಮೊದಲ ಕೆಲಸ ರಾಜಿಯ ಪ್ರಯತ್ನ. ಪ್ರಕರಣವನ್ನು ವಿವಾಹ ಸಮಾಲೋಚಕರ ಕಡೆಗೆ ಕಳಿಸುತ್ತಾರೆ. ಆ ಕೋಣೆಯಲ್ಲಿ ಕೂಡಿ ಬಾಳುವುದು ಸಾಧ್ಯವೇ ಎಂದು ಕೇಳುತ್ತಾರೆ. ಆಗದಿದ್ದರೆ ಮಗು ಯಾರ ಬಳಿ, ರವಿವಾರ ಯಾರ ಬಳಿ, ಸ್ತ್ರೀಧನದ ಒಡವೆ ಯಾವ ಬ್ಯಾಂಕಿನ ಲಾಕರಿನಲ್ಲಿದೆ ಎಂಬಂಥ ಮಾತುಗಳು. ಕಾದಂಬರಿಕಾರನಿಗೆ ಇದಕ್ಕಿಂತ ಶ್ರೀಮಂತ ಕೋಣೆ ಎಲ್ಲಿ ಸಿಕ್ಕೀತು!

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇನ್ನೊಂದು ಗಂಟು. ಮೊಕದ್ದಮೆ ಎಲ್ಲಿ? 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಲಗ್ನವಾದ ಊರು, ಎದುರು ಪಕ್ಷದವರು ಇರುವ ಊರು, ಇಬ್ಬರೂ ಕಡೆಯದಾಗಿ ಕೂಡಿ ಇದ್ದ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. 2003ರ ತಿದ್ದುಪಡಿಯ ನಂತರ ಅರ್ಜಿದಾರಳು ಹೆಂಡತಿಯಾಗಿದ್ದರೆ ಅವಳು ಸದ್ಯ ಇರುವ ಊರೂ ಆದೀತು. ಅಂದರೆ ನಮ್ಮ ರಾಯರ ಮಗಳು ಪುಣೆಯಲ್ಲೇ ಅರ್ಜಿ ಹಾಕಬಲ್ಲಳು. ಅವಳು ಸುಮ್ಮನಿದ್ದು ಗಂಡ ಮೊದಲೇ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಹಾಕಿದರೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಪ್ರಕರಣ ವರ್ಗಾಯಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ. ಕೋಥರೂಡಿನ ಜಗಳ ದೆಹಲಿಗೆ ಹೋಗಬೇಕು. ಇಲ್ಲದಿದ್ದರೆ ಪ್ರತಿ ತಾರೀಖಿಗೂ ರಾತ್ರಿ ಬಸ್ಸು. ಇದನ್ನು ಮೊದಲ ದಿನವೇ ಹೇಳುವವನು ಒಳ್ಳೆಯ ವಕೀಲ, ಅವನ ಕೋಣೆಯ ಗೋಡೆಯ ಮೇಲೆ ಯಾವ ಸಿದ್ಧಾಂತದ ಪಟವಿದ್ದರೂ ಸರಿ. ಸ್ಥಳೀಯ ವಕೀಲರನ್ನೇ ಹಿಡಿಯಬೇಕೆನ್ನುವುದೂ ಇದಕ್ಕೇ. ಇಲ್ಲಿಯ ಕೆಳಗಿನ ನ್ಯಾಯಾಲಯಗಳ ಭಾಷೆ ಮರಾಠಿ, ಜೊತೆಗೆ ಇಂಗ್ಲಿಷ್. ಕನ್ನಡದ ಲಗ್ನಪತ್ರಿಕೆ, ಅತ್ತೆ ಬರೆದ ಕನ್ನಡ ಪತ್ರ, ಮೊಬೈಲಿನಲ್ಲಿ ಧಾರವಾಡದ ಮಾತಿನಲ್ಲಿ ಬಂದ ಬೈಗುಳ, ಎಲ್ಲವೂ ಭಾಷಾಂತರವಾಗಬೇಕು. ‘ಹಾಳಾಗಿ ಹೋಗು’ ಎಂಬುದನ್ನು ಮರಾಠಿಗೆ ತರುವಾಗ ಶಾಪವಾಗಿಸಬೇಕೋ ಮುನಿಸಾಗಿಸಬೇಕೋ, ಅದರ ಮೇಲೇ ಒಮ್ಮೊಮ್ಮೆ ಪಾಟೀ ಸವಾಲು ನಿಲ್ಲುತ್ತದೆ.

ಕಾದಂಬರಿಯ ಎದುರಿಗೆ ಇಟ್ಟು ಓದಬೇಕಾದ ಇನ್ನೊಂದು ಬರಹವಿದೆ. ಅದು ಕಥೆಯಲ್ಲ, ತೀರ್ಪು: 1975ರ ಮಾರ್ಚ್‌ನಲ್ಲಿ ಬಂದ, ‘ದಾಸ್ತಾನೆ ಪ್ರಕರಣ’ವೆಂದು ವಕೀಲರೆಲ್ಲರಿಗೂ ಗೊತ್ತಿರುವ ನಮ್ಮ ಪುಣೆಯ ಮೊಕದ್ದಮೆ. 1956ರಲ್ಲಿ ಇಲ್ಲಿ ಲಗ್ನ, 1962ರಲ್ಲಿ ಇಲ್ಲಿಯೇ ಗಂಡನ ಅರ್ಜಿ, ಹದಿಮೂರು ವರ್ಷಗಳ ನಂತರ ದೆಹಲಿಯಲ್ಲಿ ಕೊನೆ. ತೀರ್ಪು ಬರೆದವರು ಪುಣೆಯಲ್ಲೇ ಹುಟ್ಟಿದ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್. ಅದರಲ್ಲಿ ಹೆಂಡತಿಯ ಕಟುಮಾತುಗಳು, ರಾತ್ರಿ ದೀಪ ಹಾಕಿ ಹಾಸಿಗೆಯ ಪಕ್ಕ ಕುಳಿತು ಪೀಡಿಸುವುದು ಇವೆ. ಮನೆಗೆಲಸದ ಸಣ್ಣಪುಟ್ಟದಕ್ಕೂ ಗಂಡ ಕೊಡುತ್ತಿದ್ದ ಸೂಚನೆಗಳೂ ಇವೆ. ಇಂಥ ವ್ಯವಹಾರದಲ್ಲಿ ಕ್ರೌರ್ಯವನ್ನು ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಸಂಭಾವ್ಯತೆಯ ತಕ್ಕಡಿ ಎತ್ತ ವಾಲುತ್ತದೆಂದು ನೋಡಿದರೆ ಸಾಕು ಎಂಬುದು ಅದರ ಪ್ರಸಿದ್ಧ ಅಂಶ. ಹಾಗೆ ನೋಡಿ, ಕ್ರೌರ್ಯ ನಡೆದದ್ದು ಹೌದು ಎಂದರು. ಆದರೆ ಅದೆಲ್ಲ ಆದ ಮೇಲೂ ಗಂಡ ಸಂಸಾರ ನಡೆಸಿದ್ದಾನೆ, ಎಂದರೆ ಕ್ಷಮಿಸಿದ್ದಾನೆ ಎಂದು ಅವನ ಅರ್ಜಿಯನ್ನು ತಳ್ಳಿಹಾಕಿದರು. ಇಬ್ಬರಲ್ಲಿ ಯಾರೂ ರಾಕ್ಷಸರಲ್ಲ, ಇಬ್ಬರಿಗೂ ಬಿಡುಗಡೆಯಿಲ್ಲ. ಭೈರಪ್ಪನವರಲ್ಲಿ ನಾನು ಹುಡುಕಿ ಸಿಗದೆ ಹೋದ ತಕ್ಕಡಿ ಇದು.

ಆ ತೀರ್ಪಿನ ಮರುವರ್ಷ, 1976ರಲ್ಲಿ, ಕಾಯಿದೆ ಬದಲಾಯಿತು. ಅದುವರೆಗೆ ನ್ಯಾಯಿಕ ಬೇರ್ಪಡೆಗೆ ಮಾತ್ರ ಕಾರಣವಾಗಿದ್ದ ಕ್ರೌರ್ಯ ವಿಚ್ಛೇದನಕ್ಕೂ ಕಾರಣವಾಯಿತು. ಪರಸ್ಪರ ಸಮ್ಮತಿಯ 13-ಬಿ ಕಲಮೂ ಆಗಲೇ ಬಂತು: ಒಂದು ವರ್ಷ ಬೇರೆ ಇದ್ದಿರಬೇಕು, ಕೂಡಿ ಅರ್ಜಿ ಹಾಕಬೇಕು, ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಜಗಳವಿಲ್ಲದೆ ಬೇರೆಯಾಗುವ ಇಂಥ ಇಬ್ಬರು ಕಾದಂಬರಿಗೆ ಒಗ್ಗದಿರಬಹುದು. ಸಂಸಾರಕ್ಕೆ ಮಾತ್ರ ಒಗ್ಗುತ್ತಾರೆ.

ಜೀವನಾಂಶದ ವಿಷಯ ಒಂದು ಮಾತು. ‘ಕವಲು’ ಓದಿದವರಿಗೆ ಅದು ಗಂಡನ ಆಸ್ತಿಗೆ ಹಾಕುವ ಕನ್ನವೆಂದು ತೋರೀತು. ನಾಗಪುರದ ಕೌಟುಂಬಿಕ ನ್ಯಾಯಾಲಯದಿಂದ ಹೊರಟು ಮೇಲೆ ಹೋದ ರಜನೀಶ್–ನೇಹಾ ಪ್ರಕರಣದಲ್ಲಿ, 2020ರ ನವೆಂಬರಿನಲ್ಲಿ, ಇಬ್ಬರೂ ತಂತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೆರೆದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಜೀವನಾಂಶ ಅರ್ಜಿಯ ದಿನದಿಂದ ಸಲ್ಲಬೇಕೆಂದೂ ಹೇಳಿತು. ಹೀಗಾಗಿ ಸುಳ್ಳು ಹೇಳುವ ಹೆಂಡತಿಗೂ ಸಂಬಳ ಮುಚ್ಚಿಡುವ ಗಂಡನಿಗೂ ಅದೇ ಕಾಗದ. ಫೀ ಕೊಡಲಾಗದ ಹೆಣ್ಣುಮಗಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಒದಗಿಸುತ್ತದೆ. 1987ರ ಕಾಯಿದೆಯ ಪ್ರಕಾರ ಹೆಂಗಸಾದರೆ ಸಾಕು, ಆದಾಯ ನೋಡುವುದಿಲ್ಲ. ನಮ್ಮ ಮನೆಗಳಲ್ಲಿ ಇದು ತಿಳಿದವರು ಎಷ್ಟು ಮಂದಿ?

ಪುಸ್ತಕವನ್ನು ಹಿಂದಿರುಗಿಸಲು ಹೋದಾಗ ರಾಯರು ಬಾಗಿಲಲ್ಲೇ, “ಏನಂತೀರಿ?” ಎಂದು ಕೇಳಿದರು. ಕಾದಂಬರಿ ಚೆನ್ನಾಗಿದೆ, ಆದರೆ ಇದರಲ್ಲಿ ನಿಮ್ಮ ಮಗಳಿಲ್ಲ ಎಂದೆ. ಅವರಿಗೆ ಅಷ್ಟಾಗಿ ಸಮಾಧಾನವಾದಂತೆ ಕಾಣಲಿಲ್ಲ. ಒಳಗಿನಿಂದ ಹುಡುಗಿಯೇ ಬಂದು, “ಕಾಕಾ, ಲಗ್ನಪತ್ರಿಕೆ ಮರಾಠಿಗೆ ಯಾರು ಮಾಡಿಕೊಡ್ತಾರ್ರೀ?” ಎಂದು ಕೇಳಿದಳು. ಆ ಪತ್ರಿಕೆಯನ್ನು ನಾನೇ ತಂದಿದ್ದೇನೆ. ಅದರ ಮೇಲೆ ಅಚ್ಚಾದ ಗಣಪತಿಯ ಶ್ಲೋಕವನ್ನೂ ಭಾಷಾಂತರಿಸಬೇಕೇ ಎಂದು ವಕೀಲರನ್ನು ಕೇಳಬೇಕಾಗಿದೆ.